ತಹಶೀಲ್ದಾರರ ಎಡಗಾಲಿಗೆ ನಾನು ಹೇಳಿದ ಪಾಠ

ನಮ್ಮ ಕೆಲಸದಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ನಾನು ರೋಗಿಗೆ ಒಂದು ಹೇಳಿಕೊಡುತ್ತೇನೆ, ಅವರು ಇನ್ನೊಂದನ್ನು ಕಲಿತುಕೊಂಡು ಮನೆಗೆ ಹೋಗುತ್ತಾರೆ, ಆಮೇಲೆ ಆ ಇನ್ನೊಂದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ.

ವಿಜಯನಗರದ ಅಡ್ಡರಸ್ತೆಯೊಂದರ ನರ್ಸಿಂಗ್ ಹೋಮಿನಲ್ಲಿ ನಾನು ನರ್ಸು. ಇಂಜೆಕ್ಷನ್ನು, ಡ್ರೆಸ್ಸಿಂಗು ಎಲ್ಲ ಮಾಡುತ್ತೇನೆ. ನನಗೆ ಸ್ವಲ್ಪ ಮಾತು ಜಾಸ್ತಿ ಎಂಬುದನ್ನು ಕಂಡುಹಿಡಿದ ಮ್ಯಾನೇಜ್‌ಮೆಂಟಿನವರು ರೋಗಿಗಳಿಗೆ ತಿಳಿವಳಿಕೆ ಹೇಳುವ ಕೆಲಸವನ್ನೂ ನನಗೇ ಅಂಟಿಸಿದ್ದಾರೆ. ಅದಕ್ಕೆಂದು ಒಂದು ತರಬೇತಿಗೂ ಕಳಿಸಿದ್ದರು. ರೋಗಿಗೆ ಅರ್ಥವಾಗುವ ಹಾಗೆ ಮಾತಾಡುವುದು ಹೇಗೆ ಎಂಬುದನ್ನು ಅಲ್ಲಿ ನಮಗ್ಯಾರಿಗೂ ಅರ್ಥವಾಗದ ಹಾಗೆ ಇಡೀ ದಿನ ಹೇಳಿಕೊಟ್ಟರು. ಊಟ ಮಾತ್ರ ಚೆನ್ನಾಗಿತ್ತು.

ಅಲ್ಲಿ ಕಲಿತದ್ದನ್ನೆಲ್ಲ ನಾನು ಪ್ರಯೋಗ ಮಾಡಿದ್ದು ಒಬ್ಬ ನಿವೃತ್ತ ತಹಶೀಲ್ದಾರರ ಮೇಲೆ. ದಾವಣಗೆರೆ ಕಡೆಯವರು, ಮಲ್ಲತ್ತಹಳ್ಳಿ ಕೆರೆಯ ಪಕ್ಕ ಮನೆ ಕಟ್ಟಿಸಿಕೊಂಡಿದ್ದಾರೆ. ಹಳೇ ಶುಗರು. ಪಾದಗಳಲ್ಲಿ ಸ್ಪರ್ಶವೇ ಸತ್ತುಹೋಗಿ, ಮುಳ್ಳು ಚುಚ್ಚಿದರೂ ತಿಳಿಯದ ಸ್ಥಿತಿ. ಎಡಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿ ನಮ್ಮಲ್ಲಿ ಸೇರಿದ್ದರು. ಹುಣ್ಣನ್ನು ಕ್ಲೀನ್ ಮಾಡಿದ ಸರ್ಜನ್ನರು ನನ್ನನ್ನು ರೂಮಿಗೆ ಕರೆದು, "ಈ ಸಲ ಬೆರಳು ಉಳಿಸಿದೀನಿ ಸಿಸ್ಟರ್. ಮತ್ತೆ ಮತ್ತೆ ಹೀಗೇ ಬಂದ್ರೆ ತೆಗೀಲೇಬೇಕಾಗುತ್ತೆ. ಪಾದ ನೋಡ್ಕೊಳ್ಳೋದು ಹೇಗೆ ಅಂತ ಅವರಿಗೆ ಸರಿಯಾಗಿ ಹೇಳ್ಕೊಡಿ" ಎಂದರು. ಹೀಗೆ, ಇನ್ನೂ ಮುಖ ನೋಡಿರದ ಒಬ್ಬರ ಹೆಬ್ಬೆರಳು ನನ್ನ ಜವಾಬ್ದಾರಿಗೆ ಬಂತು.

೧. ಮಂಚದ ಮೇಲಿದ್ದವರು

ವಾರ್ಡಿಗೆ ಹೋದೆ. ಮಂಚದ ಮೇಲೆ ಹಣೆತುಂಬ ವಿಭೂತಿಯ ಹಿರಿಯರೊಬ್ಬರು ಎದೆಯವರೆಗೆ ರಗ್ಗು ಹೊದ್ದು ಮಲಗಿದ್ದರು. ಪಕ್ಕದ ಸ್ಟೂಲಿನ ಮೇಲೆ ಇನ್ನೊಬ್ಬರು, ಅವರೂ ವಯಸ್ಸಾದವರೇ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ರೋಗಿಯ ಹತ್ತಿರ ನಗುನಗುತ್ತಾ ಕೂತು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು ಮಂಚದ ತುದಿಯಲ್ಲಿ ಕೂತು ನಗುನಗುತ್ತಾ ಶುರು ಮಾಡಿದೆ.

"ಸಾರ್, ದಿನಾ ಪಾದ ತೊಳೀಬೇಕು. ಬೆರಳ ಸಂದಿ ಒರೆಸ್ಬೇಕು. ಅಂಗಾಲಲ್ಲಿ ಗಾಯ, ಬೊಬ್ಬೆ, ಕೆಂಪು ಏನಾದ್ರೂ ಇದೆಯಾ ಅಂತ ನೋಡ್ಬೇಕು. ಎಲ್ಲಿ, ನಿಮ್ಮ ಒಳ್ಳೇ ಕಾಲು ತೋರ್ಸಿ, ಹೇಗೆ ನೋಡೋದು ಅಂತ ಹೇಳ್ಕೊಡ್ತೀನಿ."

ಎರಡರಲ್ಲಿ ಯಾವುದು ಒಳ್ಳೆಯದೆಂದು ಹಿರಿಯರು ಒಂದು ಕ್ಷಣ ಯೋಚಿಸಿ, ಬಲಗಾಲನ್ನು ರಗ್ಗಿನಿಂದ ಹೊರಗೆ ಚಾಚಿದರು. ನಾನು ಬೆರಳು ಬೆರಳನ್ನೂ ಹಿಡಿದು ಪಾಠ ಮಾಡಿದೆ. ಅವರು ಹ್ಞೂಂಗುಟ್ಟುತ್ತಾ ಕೇಳಿದರು. ಇಷ್ಟು ಶ್ರದ್ಧೆಯ ರೋಗಿಯನ್ನು ನಾನು ಕಂಡೇ ಇರಲಿಲ್ಲ.

"ಈಗ ಡ್ರೆಸ್ಸಿಂಗ್ ನೋಡೋಣ ಸಾರ್, ಆ ಕಾಲು ಕೊಡಿ" ಎಂದೆ. ಎಡಗಾಲೂ ಹೊರಗೆ ಬಂತು. ಸ್ವಚ್ಛವಾದ, ಆರೋಗ್ಯವಾದ ಕಾಲು.

"ಅಯ್ಯೋ, ಬ್ಯಾಂಡೇಜ್ ಎಲ್ಲಿ ಸಾರ್? ಬಿಚ್ಚಿಬಿಟ್ರಾ?"

ಸ್ಟೂಲಿನ ಮೇಲಿದ್ದವರು ಮಂಚದ ಕೆಳಗಿನಿಂದ ತಮ್ಮ ಕಾಲನ್ನು ಮೆಲ್ಲಗೆ ಹೊರಗೆ ಎಳೆದರು. "ಬ್ಯಾಂಡೇಜು ಇಲ್ಲೈತಿ ನೋಡವ್ವ."

"ಮತ್ತೆ ಇವರು?"

"ನಮ್ಮ ಸೋದರಮಾವ. ನನ್ನ ನೋಡೋಕೆ ಹರಿಹರದಿಂದ ಬಂದಾರ. ಹಿರಿಯರು ನಿಂತಿರುವಾಗ ನಾನು ಮಂಚದ ಮೇಲೆ ಬಿದ್ಕೊಂಡಿದ್ರೆ ಚಂದ ಇರ್ತದಾ?"

"ಅಷ್ಟೊತ್ತಿಂದ ಹೇಳ್ತಾ ಇದೀನಲ್ಲ ಸಾರ್, ನಡುವೆ ಒಂದು ಮಾತು ಹೇಳಬಾರದಿತ್ತಾ?"

"ಹಿರಿಯರ ಜೊತೆ ಮಾತಾಡ್ತಿದ್ರಿ. ನಡುವೆ ಬಾಯಿ ಹಾಕೋದು ತಪ್ಪಲ್ಲೇನವ್ವ?"

ನಾನು ಸೋದರಮಾವನ ಕಡೆ ತಿರುಗಿದೆ. "ನೀವಾದ್ರೂ ಹೇಳಬಹುದಿತ್ತಲ್ಲ ಅಜ್ಜ."

"ಇಷ್ಟು ಅಕ್ಕರೆಯಿಂದ ಹೇಳ್ತಿದ್ಯವ್ವ, ಬ್ಯಾಡ ಅನ್ನೋಕೆ ಮನಸಾಗ್ಲಿಲ್ಲ" ಎಂದರು ಅವರು, ಕಾಲುಗಳನ್ನು ರಗ್ಗಿನೊಳಗೆ ಎಳೆದುಕೊಳ್ಳುತ್ತಾ.

ಅವರಿಗೆ ಶುಗರ್ ಇಲ್ಲ, ಬಿಪಿ ಇಲ್ಲ, ಏನೂ ಇಲ್ಲ. ಆದರೂ ಅಂದಿನಿಂದ ಒಂದು ದಿನವೂ ತಪ್ಪದೆ ಪಾದ ತೊಳೆದು, ಸಂದಿ ಒರೆಸಿ, ಅಂಗಾಲು ನೋಡಿಕೊಳ್ಳುತ್ತಿದ್ದಾರಂತೆ. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಪಾಲಿಸಿದವರು ಅವರೊಬ್ಬರೇ.

೨. ಲಿಖಿತ ಆದೇಶ

ಮರುದಿನ ನಾನು ಮೊದಲು ಬ್ಯಾಂಡೇಜು ನೋಡಿ, ಆಮೇಲೆ ಬಾಯಿ ತೆರೆದೆ. ತರಬೇತಿಯಲ್ಲಿ ಇನ್ನೊಂದು ಉಪಾಯವನ್ನೂ ಹೇಳಿದ್ದರು. ರೋಗಿಯನ್ನು "ಅರ್ಥ ಆಯ್ತಾ?" ಎಂದು ಕೇಳಬಾರದು, ಕೇಳಿದರೆ ಎಲ್ಲರೂ ಆಯ್ತು ಎಂದೇ ಅನ್ನುತ್ತಾರೆ. ಅದರ ಬದಲು, ನಾವು ಹೇಳಿದ್ದನ್ನು ಅವರ ಬಾಯಿಂದಲೇ ತಿರುಗಿ ಹೇಳಿಸಬೇಕು. ಹೇಳಿದರೆಂದರೆ ಪಾಠ ತಲೆಗೆ ಹತ್ತಿದೆ ಎಂದು ಲೆಕ್ಕ.

ನಾನು ಎಲ್ಲ ಹೇಳಿ ಮುಗಿಸಿ, "ಈಗ ನೀವು ಹೇಳಿ ಸಾರ್, ಮನೆಗೆ ಹೋಗಿ ಏನೇನು ಮಾಡ್ತೀರಾ?" ಎಂದೆ.

ತಹಶೀಲ್ದಾರರು ಕಣ್ಣು ಮುಚ್ಚಿಕೊಂಡು ಗಂಟಲು ಸರಿಮಾಡಿಕೊಂಡರು. "ಒಂದನೆಯದಾಗಿ, ಬರಿಗಾಲಿನಲ್ಲಿ ಸಂಚರಿಸತಕ್ಕದ್ದಲ್ಲ. ಎರಡನೆಯದಾಗಿ, ಪಾದರಕ್ಷೆಯನ್ನು ಧರಿಸುವ ಮುನ್ನ ಅದರ ಒಳಭಾಗವನ್ನು ಕೈಯಿಂದ ಪರಿಶೀಲಿಸತಕ್ಕದ್ದು. ಮೂರನೆಯದಾಗಿ, ಪ್ರತಿದಿನ ಪಾದಗಳ ತಳಭಾಗವನ್ನು ತಪಾಸಣೆಗೆ ಒಳಪಡಿಸತಕ್ಕದ್ದು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ಸಂಬಂಧಪಟ್ಟವರೇ ಹೊಣೆ."

ಕೊನೆಯ ವಾಕ್ಯವನ್ನು ನಾನು ಹೇಳಿರಲಿಲ್ಲ. ಆದರೂ ನನಗೆ ಮೈ ಜುಮ್ಮೆಂದಿತು. ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಪಕ್ಕದ ಬೆಡ್ಡಿನವರು ಮಲಗಿದ್ದಲ್ಲೇ ಎದ್ದು ಕೂತರು.

ಡಿಸ್ಚಾರ್ಜಿಗೆ ಮೊದಲು ಒಮ್ಮೆ ಸರ್ಜನ್ನರಿಗೆ ತೋರಿಸಬೇಕಿತ್ತು. ಅವರನ್ನು ಮುಂದೆ ಕಳಿಸಿ, ಫೈಲು ತೆಗೆದುಕೊಂಡು ಬಂದು ನೋಡುತ್ತೇನೆ: ತಹಶೀಲ್ದಾರರು ಬ್ಯಾಂಡೇಜಿನ ಒಂದು ಕಾಲು, ಬರಿಯ ಒಂದು ಕಾಲು ಊರಿಕೊಂಡು ಕಾರಿಡಾರಿನ ಗ್ರಾನೈಟಿನ ಮೇಲೆ ಗಂಭೀರವಾಗಿ ನಡೆಯುತ್ತಿದ್ದಾರೆ.

"ಸಾರ್! ಈಗ ತಾನೆ ಹೇಳಿದ್ರಲ್ಲ, ಬರಿಗಾಲಲ್ಲಿ ಸಂಚರಿಸತಕ್ಕದ್ದಲ್ಲ ಅಂತ! ಚಪ್ಪಲಿ ಎಲ್ಲಿ?"

ಅವರು ಬೆರಳು ತೋರಿಸಿದರು. ಸರ್ಜನ್ನರ ರೂಮಿನ ದಿಕ್ಕಿಗೆ ತಿರುಗುವ ಮೂಲೆಯಲ್ಲಿ ಒಂದು ಕಬ್ಬಿಣದ ಸ್ಟ್ಯಾಂಡು. ಅದರ ಮೇಲೆ ನಮ್ಮದೇ ನರ್ಸಿಂಗ್ ಹೋಮಿನ ಬೋರ್ಡು: 'ದಯವಿಟ್ಟು ಪಾದರಕ್ಷೆಗಳನ್ನು ಇಲ್ಲಿ ಬಿಡಿ'. ನಾನು ದಿನಾ ಅದರ ಮುಂದೆಯೇ ಓಡಾಡುತ್ತೇನೆ.

"ನೀವು ಹೇಳಿದ್ದು ಮೌಖಿಕ ಆದೇಶ. ಇದು ಲಿಖಿತ" ಎಂದರು ತಹಶೀಲ್ದಾರರು. "ಲಿಖಿತ ಇದ್ದಲ್ಲಿ ಮೌಖಿಕ ನಡೆಯಂಗಿಲ್ಲವ್ವ."

೩. ಕನ್ನಡಿ

ಹುಣ್ಣು ಮಾಯಲು ಅವರು ಆಗಾಗ ಡ್ರೆಸ್ಸಿಂಗಿಗೆ ಬರುತ್ತಿದ್ದರು. ಜೊತೆಗೆ ಸೊಸೆ ಬರುತ್ತಿದ್ದಳು. ರಾಜಾಜಿನಗರದ ಬ್ಯಾಂಕೊಂದರಲ್ಲಿ ಕೆಲಸ, ಚುರುಕಿನ ಹುಡುಗಿ. ಮಾವನವರಿಗೆ ಹೊಟ್ಟೆ ಅಡ್ಡ ಬರುತ್ತದೆ, ಬಗ್ಗಿ ಅಂಗಾಲು ನೋಡಿಕೊಳ್ಳಲು ಆಗುವುದಿಲ್ಲ ಎಂದು ಅವಳೇ ಹೇಳಿದಳು. ಅದಕ್ಕೂ ತರಬೇತಿಯಲ್ಲಿ ಮದ್ದಿತ್ತು. ಕನ್ನಡಿಯನ್ನು ನೆಲದ ಮೇಲಿಟ್ಟು ಅದರ ಮೇಲೆ ಪಾದ ಹಿಡಿದರೆ ಅಂಗಾಲು ಪೂರ್ತಿ ಕಾಣುತ್ತದೆ. ನಾನು ಒಂದು ಒಳ್ಳೆಯ ಕನ್ನಡಿಯನ್ನೇ ತಂದು ಅವರ ಕೈಗೆ ಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡರು.

ಮುಂದಿನ ಸಲ ಬಂದಾಗ ಕೇಳಿದೆ. "ಕನ್ನಡಿ ನೋಡ್ತಾ ಇದೀರಾ ಸಾರ್?"

"ದಿನಾ ತಪ್ಪದೆ. ಬೆಳಿಗ್ಗೆ ಸ್ನಾನ ಆದ ಕೂಡಲೇ."

ನನಗೆ ಹಿಗ್ಗಾಯಿತು. "ಏನೇನು ಕಾಣ್ಸುತ್ತೆ?"

"ಮನೆದೇವರು ಕಾಣಿಸ್ತಾನೆ."

ನಾನು ಸೊಸೆಯ ಮುಖ ನೋಡಿದೆ. ಅವಳು ನೆಲ ನೋಡುತ್ತಾ ಹೇಳಿದಳು: "ದೇವರ ಮನೇಲಿ ಇಟ್ಟಿದಾರೆ ಸಿಸ್ಟರ್. ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದೀವಿ."

"ಮತ್ತೇನು?" ಎಂದರು ತಹಶೀಲ್ದಾರರು. "ಹೆಣ್ಣುಮಗಳು ಕೈಯಾರೆ ಕೊಟ್ಟ ಕನ್ನಡಿ. ಮಂಗಳದ ವಸ್ತು. ಅದನ್ನ ನೆಲಕ್ಕಿಟ್ಟು ಕಾಲು ತೋರಿಸೋದಾ? ನಿಮಗೆ ಯಾರೂ ಹೇಳಿಕೊಡ್ಲಿಲ್ಲೇನವ್ವ ಇದನ್ನೆಲ್ಲ?"

ಆ ಸಲದ ಹುಣ್ಣು ಔಷಧಿಯ ಪುಣ್ಯದಿಂದ ಮಾಯಿತು. ಕೀರ್ತಿ ಕನ್ನಡಿಗೆ ಹೋಯಿತು. ಅದು ಅವರ ಪಾದವನ್ನು ಒಂದು ದಿನವೂ ನೋಡಿರಲಿಲ್ಲ.

೪. ಸಂತೆಯ ಎತ್ತು

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಮತ್ತೆ ಬಂದರು. ಕೆರೆಯ ಸುತ್ತ ವಾಕಿಂಗ್ ಹೋದಾಗ ಶೂಸಿನೊಳಗೆ ಒಂದು ಜಲ್ಲಿಕಲ್ಲು ಸೇರಿಕೊಂಡಿತ್ತು. ಅದರ ಮೇಲೇ ನಡೆದು ಸುತ್ತು ಮುಗಿಸಿ, ಬೆಂಚಿನ ಮೇಲೆ ಕೂತು ಗೆಳೆಯರ ಜೊತೆ ರಾಜಕೀಯ ಮಾತಾಡಿ, ಮನೆಗೆ ಬಂದು ಸಾಕ್ಸ್ ಬಿಚ್ಚಿದಾಗಲೇ ರಕ್ತ ಕಂಡದ್ದು. ಹಳೇ ಹುಣ್ಣಿನ ಪಕ್ಕದಲ್ಲೇ ಹೊಸದು. ಸರ್ಜನ್ನರು ಈ ಸಲ ನಗಲಿಲ್ಲ. "ಇದೇ ಕೊನೇ ಸಲ. ಇನ್ನೊಂದು ಗಾಯ ಆದ್ರೆ ಬೆರಳು ಹೋಗುತ್ತೆ, ಅಲ್ಲಿಗೇ ನಿಲ್ಲುತ್ತೆ ಅಂತಾನೂ ಹೇಳಕ್ಕಾಗಲ್ಲ" ಎಂದರು.

ಡ್ರೆಸ್ಸಿಂಗ್ ಮಾಡುವಾಗ ತಹಶೀಲ್ದಾರರು ಮೆಲ್ಲಗೆ ಹೇಳಿದರು: "ಕಚೇರಿ ಹೋತು, ಜೀಪು ಹೋತು, ಎದ್ದು ನಿಲ್ಲೋರು ಹೋದ್ರು. ಈಗ ನನಗಿರೋದು ಆ ಕೆರೆ ಬೆಂಚು ಒಂದೇ ಕಣವ್ವ. ಅಲ್ಲಿಗೆ ನಡೆದು ಹೋಗೋದೂ ತಪ್ಪಿದ್ರೆ..." ಆ ಕಾಲಿನ ಮೇಲೆ ನನಗೆ ಆ ಹೊತ್ತಿಗೆ ಸ್ವಂತ ಕಾಲಿಗಿಂತ ಹೆಚ್ಚು ಕಾಳಜಿ ಹುಟ್ಟಿತ್ತು.

ಮನೆಯವರನ್ನು ಕೂರಿಸಿಕೊಂಡು, ದಿನಾ ಯಾರಾದರೂ ಒಬ್ಬರು ಅವರ ಅಂಗಾಲು ನೋಡಲೇಬೇಕು ಎಂದೆ. ಹೆಂಡತಿಗೆ ಕಣ್ಣಿನ ಪೊರೆ. ಮಗ, "ನಾನ್ ನೋಡ್ತೀನಿ ಬಿಡಿ ಸಿಸ್ಟರ್" ಎಂದು ಧೈರ್ಯ ಮಾಡಿ, ಅಲ್ಲೇ ತಂದೆಯ ಬಲಗಾಲನ್ನು ಹಿಡಿದು ಎತ್ತಿದ. ತಹಶೀಲ್ದಾರರು ಝಾಡಿಸಿ ಕಾಲು ಎಳೆದುಕೊಂಡರು.

"ಹಲ್ಲು ನೋಡಿ, ಗೊರಸು ಎತ್ತಿ ನೋಡಿ ವ್ಯಾಪಾರ ಮಾಡೋಕೆ ನಾನೇನು ಸಂತೆಗೆ ಬಂದ ಎತ್ತೇನೋ? ಇಡೀ ತಾಲ್ಲೂಕು ತಪಾಸಣೆ ಮಾಡಿದೋನು ನಾನು. ನನ್ನ ತಪಾಸಣೆ ನೀ ಮಾಡ್ತೀಯಾ?"

ಮಗ ಹೊರಗೆ ಹೋಗಿ ಕಾಫಿ ಕುಡಿದು ಬಂದ.

ಡಿಸ್ಚಾರ್ಜಿನ ದಿನ ಅವರನ್ನು ಕರೆದೊಯ್ಯಲು ನೆಂಟರ ದಂಡೇ ಬಂದಿತ್ತು. ಹೊರಡುವ ಮುಂಚೆ ಒಬ್ಬೊಬ್ಬರಾಗಿ ಹಿರಿಯರ ಕಾಲಿಗೆ ಬಿದ್ದರು. ತಹಶೀಲ್ದಾರರು ಮಂಚದ ಮೇಲೆ ಕೂತು ಎರಡೂ ಪಾದಗಳನ್ನು ಧಾರಾಳವಾಗಿ ಮುಂದೆ ಚಾಚಿದ್ದರು. ಮೊನ್ನೆ ಬೈಸಿಕೊಂಡ ಮಗನೂ ಬಗ್ಗಿ ಅದೇ ಬಲಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವರು ಕಾಲೆಳೆದುಕೊಳ್ಳಲಿಲ್ಲ, "ಚಲೋ ಆಗ್ಲಿ" ಎಂದು ಹರಸಿದರು.

ಸೊಸೆ ನನ್ನ ಪಕ್ಕಕ್ಕೆ ಬಂದು ನಿಂತಳು. "ನೋಡಿದ್ರಾ ಸಿಸ್ಟರ್?"

"ನೋಡಿದೆ."

"ತಪಾಸಣೆ ಅಂದ್ರೆ ಕಾಲು ಒಳಗೆ ಹೋಗುತ್ತೆ. ನಮಸ್ಕಾರ ಅಂದ್ರೆ ಹೊರಗೆ ಬರುತ್ತೆ."

೫. ಕೆಂಗೇರಿಯಲ್ಲಿ ದರ್ಶನ

ಮರುದಿನ ಸೊಸೆ ಮಾವನವರ ಮುಂದೆ ಕೈಮುಗಿದು ನಿಂತು, "ನಿಮ್ಮ ಆರೋಗ್ಯಕ್ಕೋಸ್ಕರ ದಿನಾ ಪಾದಪೂಜೆ ಮಾಡ್ತೀವಿ ಅಂತ ಹರಕೆ ಹೊತ್ತಿದೀವಿ ಮಾವ" ಎಂದಳಂತೆ. ತಹಶೀಲ್ದಾರರ ಕಣ್ಣಲ್ಲಿ ನೀರು ಬಂತಂತೆ.

ಪೂಜಾ ವಿಧಾನವನ್ನು ಫೋನಿನಲ್ಲಿ ಹೇಳಿಕೊಟ್ಟವಳು ನಾನು. ನೀರು ಉಗುರುಬೆಚ್ಚಗಿರಬೇಕು, ಮೊಣಕೈ ಅದ್ದಿ ನೋಡಬೇಕು. ಪಾದ ತೊಳೆದು, ಮೆತ್ತನೆ ಬಟ್ಟೆಯಿಂದ ಬೆರಳ ಸಂದಿ ಸಂದಿಯನ್ನೂ ಒರೆಸಬೇಕು. ಗಾಯದ ಪಟ್ಟಿ ನೆನೆಯಬಾರದು. ಅಂಗಾಲಿಗೆ ಕ್ರೀಮು, ಸಂದಿಗೆ ಬೇಡ. ಆಮೇಲೆ ಪಾದದ ಮೇಲೆ ಒಂದು ಹೂವಿಟ್ಟು, ಮೊಬೈಲ್ ಟಾರ್ಚ್ ಹಾಕಿ ಪಾದದ್ದೂ ಅಂಗಾಲಿನದೂ ಫೋಟೋ ತೆಗೆದು ನನಗೆ ಕಳಿಸಬೇಕು. ಹುಣ್ಣು ಮಾಯ್ದು ವಾಕಿಂಗಿಗೆ ಹೊರಟಾಗ ಮಗ ಶೂಸಿನೊಳಗೆ ಕೈಯಾಡಿಸಿ ನೋಡಿ, ಎರಡೂ ಕೈಯಲ್ಲಿ ಹಿಡಿದು ತಂದು ಪಾದದ ಬಳಿ ಇಡಬೇಕು; ಅದಕ್ಕೆ ಪಾದುಕಾ ಸೇವೆ ಎಂದು ಸೊಸೆಯೇ ಹೆಸರಿಟ್ಟಳು. ಒಂದು ದಿನ ಅವಳು, ಒಂದು ದಿನ ಅವಳ ಗಂಡ ಎಂದೂ ಅವಳೇ ತೀರ್ಮಾನ ಮಾಡಿದಳು. ನಮ್ಮ ನರ್ಸಿಂಗ್ ಪಠ್ಯದಿಂದ ನಾನು ಒಂದಕ್ಷರ ಬಿಟ್ಟಿರಲಿಲ್ಲ. ಹೆಚ್ಚಿಗೆ ಸೇರಿಸಿದ್ದು ಹೂವು ಮಾತ್ರ.

ದಿನಾ ಬೆಳಿಗ್ಗೆ ಹೂವಿಟ್ಟ ಪಾದ ನನ್ನ ವಾಟ್ಸಾಪಿಗೆ ಬರತೊಡಗಿತು. ಹುಣ್ಣು ಕುಗ್ಗುತ್ತಾ, ಒಣಗುತ್ತಾ, ಮುಚ್ಚಿಕೊಳ್ಳುತ್ತಾ ಬಂತು. ಒಂದು ದಿನ ಕೆಂಗೇರಿಯ ನಮ್ಮ ಮನೆಯಲ್ಲಿ ನಾನು ದೋಸೆ ಹುಯ್ಯುತ್ತಿದ್ದಾಗ ಫೋನು ಸದ್ದು ಮಾಡಿತು. ಹತ್ತಿರವಿದ್ದ ನಮ್ಮ ಅತ್ತೆ ಎತ್ತಿ ನೋಡಿದರು. ನೋಡಿದವರೇ ಫೋನನ್ನು ಕಣ್ಣಿಗೊತ್ತಿಕೊಂಡರು.

"ಯಾವ ಸ್ವಾಮಿಗಳೇ ಇವರು?"

"ಮಲ್ಲತ್ತಹಳ್ಳಿಯವರು ಅತ್ತೆ" ಎಂದೆ, ದೋಸೆ ಮೇಲೆ ಗಮನವಿಟ್ಟು.

ನಾನು ದೋಸೆ ಮಗುಚುವಷ್ಟರಲ್ಲಿ ಅತ್ತೆ ಆ ಪಾದಗಳನ್ನು ನಮ್ಮ ಬಳಗದ ಗ್ರೂಪಿಗೆ ದಾಟಿಸಿದ್ದರು. ತಿಂಡಿ ಮುಗಿಸಿ ನೋಡಿದರೆ ಕೈಮುಗಿದ ಚಿತ್ರಗಳ ಸಾಲೇ ಸಾಲು. ಒಬ್ಬ ಚಿಕ್ಕಮ್ಮ 'ನೋಡಿಯೇ ಮನಸ್ಸು ಹಗುರಾಯಿತು' ಎಂದು ಬರೆದಿದ್ದರು. ಇನ್ನೊಬ್ಬರು ದರ್ಶನದ ಸಮಯ ಕೇಳಿದ್ದರು. ಕೊನೆಗೆ ನನ್ನ ನಾದಿನಿಯದೊಂದು ಪ್ರಶ್ನೆ: 'ಹೆಬ್ಬೆರಳ ಪಕ್ಕ ಯಾಕೋ ಕೆಂಪಗಿದೆಯಲ್ಲ, ಸ್ವಾಮಿಗಳು ಡಾಕ್ಟರಿಗೆ ತೋರಿಸಿದ್ದಾರಾ?'

ಫೋಟೋ ದೊಡ್ಡದು ಮಾಡಿ ನೋಡಿದೆ. ನಿಜವಾಗಿಯೂ ಕೆಂಪಗಿತ್ತು, ಹಿಂದಿನ ದಿನ ಇರಲಿಲ್ಲ. ತಕ್ಷಣ ಸೊಸೆಗೆ ಫೋನ್ ಮಾಡಿ, ವಾಕಿಂಗ್ ನಿಲ್ಲಿಸಿ ಕರೆದುಕೊಂಡು ಬನ್ನಿ ಎಂದೆ. ಹೊಸ ಶೂಸು ಒತ್ತುತ್ತಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಚರ್ಮ ಒಡೆಯುತ್ತಿತ್ತು ಎಂದು ಸರ್ಜನ್ನರು ಶೂಸು ಬದಲಾಯಿಸಿದರು. ಕೆಂಪು ಇಳಿಯಿತು.

ಸಂಜೆ ಅತ್ತೆಗೆ ನಿಜ ಹೇಳಿದೆ. ಅವರು, "ತಹಶೀಲ್ದಾರ್ರಾ? ಹಾಗಾದ್ರೆ ನಮ್ಮ ಖಾತೆ ವಿಷಯ ಒಂದು ಮಾತು ಕೇಳಬಹುದಿತ್ತಲ್ಲೇ" ಎಂದರು.

೬. ಕಲಿತವರು

ಯುಗಾದಿ ಕಳೆದ ಮೇಲೆ ಒಂದು ದಿನ ತಹಶೀಲ್ದಾರರು ಕೊನೆಯ ತಪಾಸಣೆಗೆ ಬಂದರು. ಹೊರಗಿನ ಹಜಾರ ರೋಗಿಗಳಿಂದ ತುಂಬಿತ್ತು. ಅವರು ಕುಂಟದೆ, ಯಾರ ಹೆಗಲೂ ಹಿಡಿಯದೆ ನಡೆದು ಬಂದರು. ಹಜಾರಕ್ಕೇ ಬಂದ ಸರ್ಜನ್ನರು ಅವರನ್ನು ಅಲ್ಲೇ ಕುರ್ಚಿಯಲ್ಲಿ ಕೂರಿಸಿ, ಎಡಗಾಲನ್ನು ಎತ್ತಿ ಒತ್ತಿ ನೋಡಿದರು. ಡಾಕ್ಟರು ನೋಡುವುದಕ್ಕೆ ತಹಶೀಲ್ದಾರರ ತಕರಾರಿರಲಿಲ್ಲ, ಅದು ಮೇಲಧಿಕಾರಿಯ ಭೇಟಿ.

"ಬೆರಳು ಗಟ್ಟಿಯಾಗಿದೆ ಸಾರ್. ಇನ್ನು ಭಯ ಇಲ್ಲ, ಹೀಗೇ ನೋಡ್ಕೊಳ್ಳಿ" ಎಂದ ಸರ್ಜನ್ನರಿಗೆ ನನ್ನನ್ನು ಎಲ್ಲರ ಮುಂದೆ ಸ್ವಲ್ಪ ಹೊಗಳೋಣ ಅನ್ನಿಸಿತು. "ನಮ್ಮ ಸಿಸ್ಟರ್ ನಿಮಗೆ ಅಷ್ಟೊಂದು ಹೇಳ್ಕೊಟ್ರಲ್ಲ, ಅದರಲ್ಲಿ ಯಾವುದು ಹೆಚ್ಚು ಉಪಯೋಗಕ್ಕೆ ಬಂತು?"

"ಸುಳ್ಳು ಯಾಕೆ ಹೇಳ್ಲಿ ಡಾಕ್ಟ್ರೇ. ಒಂದೂ ಇಲ್ಲ."

ಹಜಾರದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

"ಈ ತಾಯಿ ಬಾಳ ಒಳ್ಳೆಯವಳು. ದಿನಾ ತಪಾಸಣೆ ಮಾಡಿಸ್ಕೊಳ್ರಿ ಅಂತ ಬೆನ್ನು ಹತ್ತಿದ್ಲು. ನಾನು ಒಂದು ದಿನಾನೂ ಮಾಡಿಸ್ಲಿಲ್ಲ. ಇದು ನನ್ನ ಮಕ್ಕಳ ಭಕ್ತಿಯಿಂದ ಉಳಿದ ಬೆರಳು. ದಿನಾ ಬೆಳಿಗ್ಗೆ ಪಾದಪೂಜೆ! ಕೆರೆ ಬೆಂಚಿನ ಗೆಳೆಯರಿಗೆಲ್ಲ ಹೇಳೀನಿ. ಈಗ ಅವರ ಮನೇಲೂ ಶುರುವಾಗೈತಿ."

ಸೊಸೆ, ಮೇಲೆ ತಿರುಗುತ್ತಿದ್ದ ಫ್ಯಾನನ್ನೇ ನೋಡುತ್ತಿದ್ದಳು. ಲಗ್ಗೆರೆಯಿಂದ ಬಂದಿದ್ದ ವೃದ್ಧರೊಬ್ಬರು ಪಕ್ಕದಲ್ಲಿದ್ದ ಮಗನನ್ನು ತಿವಿದರು. "ಕೇಳಿಸ್ಕೊಂಡ್ಯೇನೋ?"

"ಅಪ್ಪಾ, ನೀನು ಬಂದಿರೋದು ಕೆಮ್ಮಿಗೆ" ಎಂದ ಮಗ.

"ಆದ್ರೇನೀಗ?"

ಸರ್ಜನ್ನರು ನಗು ತಡೆದುಕೊಳ್ಳಲು ಫೈಲಿನೊಳಗೆ ಮುಖವಿಟ್ಟರು. "ಸಿಸ್ಟರ್, ಬೆರಳ ಸಂದಿಗಳನ್ನ ಒಂದ್ಸಲ ನೀವೇ ನೋಡಿಬಿಡಿ" ಎಂದರು.

ನಾನು ತಹಶೀಲ್ದಾರರ ಮುಂದೆ ನೆಲಕ್ಕೆ ಮೊಣಕಾಲೂರಿದೆ. ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು, ಅಂಗಾಲು ಕಾಣಲೆಂದು ತಲೆಯನ್ನು ಪೂರ್ತಿ ಕೆಳಗೆ ಬಗ್ಗಿಸಿದೆ. ಸಂದಿಗಳು ಒಣಗಿದ್ದವು, ಚರ್ಮ ಮೆತ್ತಗಿತ್ತು, ಎಲ್ಲಿಯೂ ಒಂದು ಗೀರೂ ಇರಲಿಲ್ಲ. ನೋಡುತ್ತಿದ್ದ ಹಾಗೇ ನನ್ನ ತಲೆಯ ಮೇಲೆ ಒಂದು ಭಾರವಾದ ಕೈ ಬಂದು ಕೂತಿತು.

"ಏಳವ್ವಾ, ಏಳು. ಚಲೋ ಆಗ್ಲಿ" ಎಂದು ಹರಸಿದ ತಹಶೀಲ್ದಾರರು, ಸಂತೃಪ್ತಿಯಿಂದ ಸರ್ಜನ್ನರ ಕಡೆ ತಿರುಗಿದರು. "ನೋಡಿದ್ರೇನು ಡಾಕ್ಟ್ರೇ? ಸರಿಯಾಗಿ ಹೇಳಿಕೊಟ್ರೆ ಯಾರು ಬೇಕಾದ್ರೂ ಕಲೀತಾರೆ."